ಪೆಟ್ಟಿಗೆಯ ಮೇಲಿನ ವ್ಯಾಟ್, ಒಳಗಿನ ವಾಸ್ತವ

ಗ್ರಾಫಿಕ್ಸ್ ಕಾರ್ಡ್ ಎಂಬುದು ಇಂದು ಕೇವಲ ಆಟವಾಡುವ ಮಕ್ಕಳ ಬಯಕೆಯಾಗಿ ಉಳಿದಿಲ್ಲ. ಅನಿಮೇಷನ್ ಕಲಿಯುವವರು, ವಾಸ್ತುವಿನ್ಯಾಸದ ವಿದ್ಯಾರ್ಥಿಗಳು, ವಿಡಿಯೊ ಸಂಕಲನಕಾರರು, ಕೃತಕ ಬುದ್ಧಿಮತ್ತೆಯ ಪ್ರಯೋಗದಲ್ಲಿ ತೊಡಗಿರುವ ಎಂಜಿನಿಯರಿಂಗ್ ತರುಣರು, ಇವರೆಲ್ಲರಿಗೂ ಅದು ದುಡಿಮೆಯ ಉಪಕರಣ. ಮನೆಯ ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿಸಲು ಮಧ್ಯಮ ವರ್ಗದ ಕುಟುಂಬವೊಂದು ತಿಂಗಳ ಸಂಬಳದ ಗಣನೀಯ ಭಾಗವನ್ನೇ ವಿನಿಯೋಗಿಸುವುದುಂಟು. ವಿಪರ್ಯಾಸವೆಂದರೆ, ಕಾರ್ಡಿನ ಆಯ್ಕೆಗಾಗಿ ವಾರಗಟ್ಟಲೆ ಚರ್ಚಿಸುವ ಅದೇ ಕುಟುಂಬ, ಆ ಕಾರ್ಡಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ವಿಷಯದಲ್ಲಿ ಅಂಗಡಿಯವರ ಮಾತಿಗೆ ತಲೆಯಾಡಿಸಿ ಬರುತ್ತದೆ.

ಇದಕ್ಕೆ ಕಾರಣವಿಲ್ಲದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಕ್ಯಾಬಿನೆಟ್ ಕೊಂಡವರಿಗೆ ಅದರೊಳಗೇ ಎಸ್‌ಎಂಪಿಎಸ್ ಕೂಡಿಸಿ ಕೊಡುವ ಪದ್ಧತಿ ಬಹುಕಾಲ ರೂಢಿಯಲ್ಲಿತ್ತು. ಹೀಗಾಗಿ ಅದಕ್ಕೊಂದು ಪ್ರತ್ಯೇಕ ಬೆಲೆ ಇದೆಯೆಂಬ ಭಾವನೆಯೇ ಗ್ರಾಹಕರಲ್ಲಿ ಬೆಳೆಯಲಿಲ್ಲ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ 12, 5 ಹಾಗೂ 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುವುದು ಅದರ ಕೆಲಸ. ಪತ್ರ ಬರೆಯುವ, ಲೆಕ್ಕಪತ್ರ ಇಡುವ ಯಂತ್ರಕ್ಕೆ ನೂರು ವ್ಯಾಟ್ ಕೂಡ ಬೇಕಾಗದಿದ್ದ ದಿನಗಳಲ್ಲಿ ಯಾವ ಎಸ್‌ಎಂಪಿಎಸ್ ಆದರೂ ನಡೆಯುತ್ತಿತ್ತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬಂದೊಡನೆ ಪರಿಸ್ಥಿತಿ ಬದಲಾಗುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ನೀಡಬಲ್ಲದ್ದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ ಎಸ್‌ಎಂಪಿಎಸ್‌ನಿಂದಲೇ ನೇರ ತಂತಿ ಬರಬೇಕು. ಆರು ಪಿನ್ನಿನ ಕೊಂಡಿಯ ಮಿತಿ 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್.

ಸಮಸ್ಯೆ ಆರಂಭವಾಗುವುದು ಪೆಟ್ಟಿಗೆಯ ಮೇಲಿನ ದಪ್ಪ ಅಂಕಿಯಿಂದ. '450 ವ್ಯಾಟ್' ಎಂದು ಮುದ್ರಿಸಿದ ಎರಡು ಎಸ್‌ಎಂಪಿಎಸ್‌ಗಳು ಒಂದೇ ಆಗಿರಬೇಕಿಲ್ಲ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಬಹುಪಾಲು ಬಳಸುವುದು 12 ವೋಲ್ಟ್‌ನ ವಿದ್ಯುತ್ತನ್ನು. ಬದಿಯ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟ್‌ಗೆ 36 ಆಂಪಿಯರ್ ಎಂದಿದ್ದರೆ ಗುಣಾಕಾರದಿಂದ ದೊರೆಯುವುದು 432 ವ್ಯಾಟ್. ಅದೇ ಜಾಗದಲ್ಲಿ 18 ಆಂಪಿಯರ್ ಎಂದಿದ್ದರೆ ಸಿಗುವುದು 216 ವ್ಯಾಟ್ ಮಾತ್ರ. ಉಳಿದದ್ದು ಯಾರಿಗೂ ಹೆಚ್ಚಾಗಿ ಬೇಡವಾದ 5 ಮತ್ತು 3.3 ವೋಲ್ಟ್‌ಗಳ ಲೆಕ್ಕದಲ್ಲಿ ಸೇರಿಕೊಂಡಿರುತ್ತದೆ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರುವಾಸಿ ವಿವರಣೆ ಇದೆ. 1970ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಜಾರ್ಜ್ ಅಕೆರ್ಲಾಫ್ ಅವರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡು, ಮಾರುವವನಿಗೆ ತಿಳಿದ ಗುಣಮಟ್ಟ ಕೊಳ್ಳುವವನಿಗೆ ತಿಳಿಯದಿದ್ದಾಗ ಕಳಪೆ ಸರಕು ಒಳ್ಳೆಯ ಸರಕನ್ನು ಹೊರದಬ್ಬುತ್ತದೆ ಎಂದು ತೋರಿಸಿದರು. ಕಣ್ಣಿಗೆ ಕಾಣುವುದು ಬೆಲೆಯೊಂದೇ ಆದಾಗ ಗ್ರಾಹಕ ಅಗ್ಗದ್ದನ್ನೇ ಆರಿಸುತ್ತಾನೆ. ಒಳ್ಳೆಯದನ್ನು ತಯಾರಿಸುವವನಿಗೆ ಅದರ ವೆಚ್ಚ ಹಿಂದಿರುಗುವುದಿಲ್ಲ. ಅವರೊಂದಿಗೆ 2001ರ ನೊಬೆಲ್ ಪುರಸ್ಕಾರ ಹಂಚಿಕೊಂಡ ಮೈಕೆಲ್ ಸ್ಪೆನ್ಸ್ ಅವರ ಚಿಂತನೆಯಲ್ಲಿ ಇದಕ್ಕೊಂದು ಪರಿಹಾರವೂ ಇದೆ. ಕಳಪೆ ಮಾರಾಟಗಾರ ಅನುಕರಿಸಲಾಗದಷ್ಟು ದುಬಾರಿಯಾದ ಸಂಕೇತವನ್ನು ಒಳ್ಳೆಯ ಮಾರಾಟಗಾರ ನೀಡಬಲ್ಲ. ಎಸ್‌ಎಂಪಿಎಸ್ ಮಟ್ಟಿಗೆ ದೀರ್ಘಾವಧಿಯ ವಾರಂಟಿ ಅಂಥದೊಂದು ಸಂಕೇತ. ಒಂದು ವರ್ಷದ ಖಾತರಿಗೂ ಏಳು ಅಥವಾ ಹತ್ತು ವರ್ಷಗಳ ಖಾತರಿಗೂ ಇರುವ ಅಂತರ ತಯಾರಕನಿಗೇ ತನ್ನ ಸರಕಿನ ಮೇಲಿರುವ ನಂಬಿಕೆಯ ಅಂತರ.

ಎರಡನೆಯ ಸಂಕೇತ '80 ಪ್ಲಸ್' ಎಂಬ ಪ್ರಮಾಣಪತ್ರ. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ವ್ಯವಸ್ಥೆ, ಶೇ 20, 50 ಮತ್ತು 100ರ ಹೊರೆಯಲ್ಲಿ ಕನಿಷ್ಠ ಶೇ 80ರಷ್ಟು ದಕ್ಷತೆಯನ್ನು ಕೇಳುತ್ತದೆ. ಕಂಚು, ಬೆಳ್ಳಿ, ಚಿನ್ನ ಮೊದಲಾದ ಮೇಲಿನ ದರ್ಜೆಗಳು ಆನಂತರ ಬಂದವು. ಆದರೆ ಈ ಪತ್ರ ಹೇಳುವುದು ದಕ್ಷತೆಯನ್ನು ಮಾತ್ರ ಎಂಬುದನ್ನು ಮರೆಯಬಾರದು. ಮಿತಿಮೀರಿದ ವೋಲ್ಟೇಜ್, ಮಿತಿಮೀರಿದ ಪ್ರವಾಹ, ಶಾರ್ಟ್ ಸರ್ಕ್ಯೂಟ್, ಅತಿಯಾದ ಶಾಖ ಇವುಗಳಿಂದ ರಕ್ಷಿಸುವ ವ್ಯವಸ್ಥೆ ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಅಗ್ಗದ ಎಸ್‌ಎಂಪಿಎಸ್ ತಾನೊಂದೇ ಕೆಟ್ಟರೆ ನಷ್ಟ ಸಣ್ಣದು. ಕೆಡುವಾಗ ಮೂವತ್ತು ಸಾವಿರದ ಕಾರ್ಡನ್ನೂ ಜೊತೆಗೆ ಕೊಂಡೊಯ್ದರೆ ಉಳಿಸಿದ ಎರಡು ಸಾವಿರಕ್ಕೆ ಅರ್ಥವಿಲ್ಲ.

ಹಾಗೆಂದು ದೊಡ್ಡದೆಲ್ಲ ಒಳ್ಳೆಯದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಕಾರ್ಡಿನ ಬಳಕೆ 115 ವ್ಯಾಟ್. ಇಂಟೆಲ್ ಕೋರ್ ಐ5-12400 ಪ್ರೊಸೆಸರಿನ ಗರಿಷ್ಠ ಬಳಕೆ 117 ವ್ಯಾಟ್. ಉಳಿದ ಭಾಗಗಳಿಗೆಂದು ಅರವತ್ತು ವ್ಯಾಟ್ ಕೂಡಿಸಿದರೂ ಮೊತ್ತ ಮುನ್ನೂರನ್ನು ದಾಟುವುದಿಲ್ಲ. ಆ ಕಾರ್ಡಿಗೆ ಕಂಪನಿಯೇ ಸೂಚಿಸುವುದು 550 ವ್ಯಾಟ್. ಅಷ್ಟು ಸಾಮರ್ಥ್ಯದ ನಂಬಿಕಸ್ಥ ಎಸ್‌ಎಂಪಿಎಸ್ ಸುಮಾರು ಅರ್ಧ ಹೊರೆಯಲ್ಲಿ ನಿರಾಯಾಸವಾಗಿ ದುಡಿಯುತ್ತದೆ. ಇಂಥ ಯಂತ್ರಕ್ಕೆ ಸಾವಿರ ವ್ಯಾಟಿನದನ್ನು ಕೊಳ್ಳುವುದು ದುಂದು. ಅರವತ್ತು ವ್ಯಾಟ್ ಸಾಕಾಗುವ ಸಾಧಾರಣ ಕೆಲಸದ ವೇಳೆ ಅದು ಶೇ 6ರ ಹೊರೆಯಲ್ಲಿರುತ್ತದೆ. ಅಷ್ಟು ಕಡಿಮೆ ಹೊರೆಯಲ್ಲಿ ದಕ್ಷತೆ ಕುಸಿಯುತ್ತದೆ. ಸಾವಿರ ವ್ಯಾಟ್ ಬೇಕಾಗುವುದು 2025ರಲ್ಲಿ ಬಂದ, 575 ವ್ಯಾಟ್ ಬಳಸುವ ಆರ್‌ಟಿಎಕ್ಸ್ 5090ರಂಥ ಕಾರ್ಡುಗಳಿಗೆ.

ಆಧುನಿಕ ಕಾರ್ಡುಗಳು ಕ್ಷಣಮಾತ್ರ ತಮ್ಮ ಸರಾಸರಿಗಿಂತ ಬಹಳ ಹೆಚ್ಚಿನ ವಿದ್ಯುತ್ ಸೆಳೆಯುತ್ತವೆ ಎಂಬುದು ಗಮನಾರ್ಹ. 2022ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ಮಾನದಂಡ ಇಂಥ ಹಠಾತ್ ಏರಿಕೆಯನ್ನು ತಾಳಿಕೊಳ್ಳುವ ಶಕ್ತಿಯನ್ನು ಎಸ್‌ಎಂಪಿಎಸ್‌ಗೆ ಕಡ್ಡಾಯಗೊಳಿಸಿತು. ಅದೇ ವರ್ಷ ಆರ್‌ಟಿಎಕ್ಸ್ 4090 ಕಾರ್ಡುಗಳ ಹೊಸ ಹದಿನಾರು ಪಿನ್ನಿನ ಕೊಂಡಿಗಳು ಕರಗಿದ ಪ್ರಕರಣಗಳು ವರದಿಯಾದವು. ಕೊಂಡಿ ಪೂರ್ತಿ ಕೂರದಿದ್ದುದು ಮುಖ್ಯ ಕಾರಣವೆಂದು ಕಂಪನಿ ಹೇಳಿತು. ಮರುವರ್ಷದ ಎಟಿಎಕ್ಸ್ 3.1ರಲ್ಲಿ ಕೊಂಡಿಯ ವಿನ್ಯಾಸವನ್ನೇ ತಿದ್ದಲಾಯಿತು. ಹಾರ್ಡ್ ಡಿಸ್ಕಿನ ತಂತಿಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡಿಗೆ ವಿದ್ಯುತ್ ಕೊಡುವ ಅಗ್ಗದ ಉಪಾಯ, ಒಂದು ಕಂಪನಿಯ ಎಸ್‌ಎಂಪಿಎಸ್‌ಗೆ ಇನ್ನೊಂದರ ಬಿಡಿ ತಂತಿ ಬಳಸುವ ಸಾಹಸ ಎರಡೂ ಅಪಾಯಕಾರಿ.

ದಕ್ಷತೆಯ ಲಾಭವನ್ನೂ ಲೆಕ್ಕ ಹಾಕಬಹುದು. ಯಂತ್ರ ದಿನಕ್ಕೆ ನಾಲ್ಕು ಗಂಟೆ 300 ವ್ಯಾಟ್ ಬಳಸುತ್ತದೆ ಎನ್ನೋಣ. ಶೇ 80ರ ದಕ್ಷತೆಯಲ್ಲಿ ವರ್ಷಕ್ಕೆ ಸುಮಾರು 548 ಯೂನಿಟ್, ಶೇ 90ರಲ್ಲಿ 487 ಯೂನಿಟ್ ಖರ್ಚಾಗುತ್ತದೆ. ಯೂನಿಟ್‌ಗೆ ಆರು ರೂಪಾಯಿಯಂತೆ ಉಳಿತಾಯ 365 ರೂಪಾಯಿ. ಐದು ವರ್ಷಕ್ಕೆ ಸುಮಾರು 1,800. ಹೆಚ್ಚು ಕೊಟ್ಟ ಹಣದ ಬಹುಭಾಗ ಬಿಲ್ಲಿನಲ್ಲೇ ಹಿಂದಿರುಗುತ್ತದೆ. ನಮ್ಮಲ್ಲಿ ಯುಪಿಎಸ್ ಲೆಕ್ಕವೂ ಸೇರಬೇಕು. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ನೀಡುವುದು 360 ವ್ಯಾಟ್ ಆಸುಪಾಸು. ಹೊಸ ಕಾರ್ಡಿನ ಯಂತ್ರ ಮತ್ತು ಮಾನಿಟರ್ ಎರಡನ್ನೂ ಅದಕ್ಕೆ ಜೋಡಿಸಿದರೆ ಕರೆಂಟ್ ಹೋದ ಕ್ಷಣದಲ್ಲೇ ಅದು ಕೈಕೊಡಬಹುದು. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಎಷ್ಟು ಒಳ್ಳೆಯ ಎಸ್‌ಎಂಪಿಎಸ್ ಆದರೂ ಪೂರ್ಣ ರಕ್ಷಣೆ ನೀಡಲಾರದು.

ಸರ್ಕಾರಿ ಖರೀದಿಯಲ್ಲಿ ಎರಡು ಲಕೋಟೆಗಳ ಪದ್ಧತಿ ಇದೆ. ಮೊದಲು ತಾಂತ್ರಿಕ ಬಿಡ್ ತೆರೆಯುತ್ತಾರೆ. ಅದರಲ್ಲಿ ತೇರ್ಗಡೆಯಾದವರ ದರವನ್ನಷ್ಟೇ ನಂತರ ನೋಡುತ್ತಾರೆ. ಗೃಹಸ್ಥರೂ ಇದನ್ನೇ ಅನುಸರಿಸುವುದು ಲೇಸು. 12 ವೋಲ್ಟ್‌ನಲ್ಲಿ ಎಷ್ಟು ಆಂಪಿಯರ್, ಕಾರ್ಡಿಗೆ ತಕ್ಕ ಕೊಂಡಿ ಮೂಲದಲ್ಲೇ ಇದೆಯೇ, ರಕ್ಷಣಾ ವ್ಯವಸ್ಥೆಗಳು ಯಾವುವು, ವಾರಂಟಿ ಎಷ್ಟು ವರ್ಷ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಬೆಲೆಯ ಮಾತು ಬರಬೇಕು.

ಆದರೆ ಎಲ್ಲ ಹೊಣೆಯನ್ನೂ ಗ್ರಾಹಕರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಆಂಪಿಯರ್ ಗುಣಿಸಿ ನೋಡುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. 2006ರಲ್ಲಿ ಇಂಧನ ದಕ್ಷತಾ ಬ್ಯೂರೊ ಆರಂಭಿಸಿದ ನಕ್ಷತ್ರ ಗುರುತಿನಿಂದಾಗಿ ಅಕ್ಷರ ಬಾರದವರೂ ಇಂದು ರೆಫ್ರಿಜರೇಟರ್ ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸುತ್ತಾರೆ. ಅಂಥದೇ ಸರಳ ಗುರುತು ಎಸ್‌ಎಂಪಿಎಸ್‌ಗೂ ಬರಬೇಕು. 12 ವೋಲ್ಟ್‌ನಲ್ಲಿ ಸತತವಾಗಿ ನೀಡಬಲ್ಲ ವ್ಯಾಟನ್ನೇ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ ನಿಯಮವಾಗಬೇಕು. ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಕ್ರಮಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಪೆಟ್ಟಿಗೆಯ ಮೇಲಿನ ಅಂಕಿ ನಿಜ ಹೇಳುವಂತಾದರೆ, ಪ್ರಾಮಾಣಿಕ ತಯಾರಕನೂ ಉಳಿಯುತ್ತಾನೆ, ಮಕ್ಕಳ ಓದಿಗೆಂದು ಹಣ ಕೂಡಿಟ್ಟ ಮನೆಯೂ ಉಳಿಯುತ್ತದೆ.