ಪುಟ ತಿರುವಲು ಕಡಲು ದಾಟಿದ ದಂಪತಿ

ಮೊದಲು ಅವರ ಕೈ ನೋಡಬೇಕು. ಎಪ್ಪತ್ತು ದಾಟಿದ ಕೈ. ಬೆರಳ ಗೆಣ್ಣುಗಳು ಸಂಧಿವಾತಕ್ಕೆ ದಪ್ಪಗಾಗಿವೆ. ಹಾಗಿದ್ದೂ ಹಳೆಯ ರಿಜಿಸ್ಟರಿನ ಬಲ ಮೂಲೆಗೆ ಆ ಕೈ ಇಳಿಯುವುದು ಕಾಗದಕ್ಕೇ ಗೊತ್ತಾಗದ ಹಾಗೆ. ಹೆಬ್ಬೆರಳಿಂದ ಅಂಚನ್ನು ತುಸು ಎತ್ತಿ, ಅಂಗೈಯನ್ನು ಪುಟದ ಕೆಳಗೆ ಪೂರ್ತಿ ತೂರಿಸಿ, ಇಡೀ ಹಾಳೆಯನ್ನು ಅಂಗೈ ಮೇಲೆ ಹೊತ್ತು ಎಡಕ್ಕೆ ಮಲಗಿಸುತ್ತಾರೆ. ಮೂಲೆ ಹಿಡಿದು ಎಳೆಯುವುದಿಲ್ಲ, ಬೆರಳಿಗೆ ಎಂಜಲು ಸೋಕಿಸುವುದಂತೂ ಇಲ್ಲವೇ ಇಲ್ಲ. ಕೈ ತೆಗೆದು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಮೇಲಿನ ಕ್ಯಾಮೆರಾ ಕ್ಲಿಕ್ಕಾಗುತ್ತದೆ. ಮತ್ತೆ ಮುಂದಿನ ಪುಟ.

ಇದು ನಡೆಯುವುದು ಫಿಲಿಪ್ಪೀನ್ಸಿನ ಅಲ್ಬಾಯ್ ಪ್ರಾಂತ್ಯದ ಒಂದು ಸಣ್ಣ ಊರಿನ ಪುರಸಭೆ ಕಟ್ಟಡದಲ್ಲಿ, ಜನನ ಮರಣ ನೋಂದಣಿ ಕಚೇರಿಯ ಹಿಂಬದಿ ಕೋಣೆಯಲ್ಲಿ. ಕಿಟಕಿಯಾಚೆ ಮಯೋನ್ ಜ್ವಾಲಾಮುಖಿ. ಪುಟ ತಿರುವುವವರು ಅಮೆರಿಕದ ಐಡಹೋ ರಾಜ್ಯದ ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತರಾದವರು. ಕ್ಯಾಮೆರಾ ನೋಡಿಕೊಳ್ಳುವವರು ಅವರ ಪತಿ, ಬದುಕಿಡೀ ಆಲೂಗಡ್ಡೆ ಬೆಳೆದ ರೈತ. ‘ನಮ್ಮ ಹೆಸರು ಬೇಡ, ಕೆಲಸದ ಬಗ್ಗೆ ಬರೆಯಿರಿ’ ಎಂದರು. ಅಲ್ಲಿ ಎಲ್ಲರೂ ಕರೆಯುವಂತೆ ನಾನೂ ‘ಎಲ್ಡರ್’, ‘ಸಿಸ್ಟರ್’ ಎಂದೇ ಕರೆಯುತ್ತೇನೆ. ಕಚೇರಿಯ ಹುಡುಗಿಯರು ಮಾತ್ರ ಆಕೆಯನ್ನು ತಾಯಿಯನ್ನು ಕರೆಯುವಂತೆ ‘ನಾನಾಯ್’ ಎನ್ನುತ್ತಾರೆ.

ಇಬ್ಬರೂ ಜನ ಸಾಮಾನ್ಯವಾಗಿ ಮಾರ್ಮನ್ ಎಂದು ಗುರುತಿಸುವ ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಸಭೆಗೆ ಸೇರಿದವರು. ಬಿಳಿ ಅಂಗಿ ತೊಟ್ಟು, ಎದೆಗೆ ಕಪ್ಪು ಹೆಸರಪಟ್ಟಿ ಸಿಕ್ಕಿಸಿಕೊಂಡು ಜೋಡಿಯಾಗಿ ಓಡಾಡುವ ಆ ಸಭೆಯ ಎಳೆಯ ಹುಡುಗರನ್ನು ಎಷ್ಟೋ ದೇಶಗಳ ಜನ ಕಂಡಿದ್ದಾರೆ. ಹಿರಿಯ ದಂಪತಿಯನ್ನೂ ಅದೇ ರೀತಿ ಕಳಿಸುವ ಏರ್ಪಾಡು ಇದೆಯೆಂಬುದು ಅಷ್ಟಾಗಿ ಗೊತ್ತಿಲ್ಲ. ಮಕ್ಕಳ ಜವಾಬ್ದಾರಿ ಮುಗಿದ, ಗಟ್ಟಿಮುಟ್ಟಾಗಿರುವ ಗಂಡ ಹೆಂಡತಿ ಒಟ್ಟಿಗೆ ಹೋಗುತ್ತಾರೆ. ಅವಧಿ 6 ತಿಂಗಳಿಂದ 23 ತಿಂಗಳು. ಸಂಬಳವಿಲ್ಲ, ಖರ್ಚೂ ಅವರದೇ. ಮನೆಮನೆಯ ಬಾಗಿಲು ತಟ್ಟುವ ಕೆಲಸ ಇವರಿಗೆ ಇಲ್ಲ. ಕಚೇರಿಯ ಲೆಕ್ಕ ಬರೆಯುವವರು, ಎಳೆಯ ಮಿಷನರಿಗಳ ಆರೋಗ್ಯ ವಿಚಾರಿಸುವವರು, ನೀರು, ಗಾಲಿಕುರ್ಚಿಯಂಥ ನೆರವಿನ ಕೆಲಸ ನೋಡುವವರು, ಹೀಗೆ ಒಬ್ಬೊಬ್ಬರದು ಒಂದೊಂದು. ಈ ದಂಪತಿಯ ಪಾಲಿಗೆ ಬಂದದ್ದು ಹಳೆಯ ದಾಖಲೆಗಳ ಛಾಯಾಚಿತ್ರ ತೆಗೆಯುವ ಕೆಲಸ.

ನಾನು ಹೋದದ್ದು ಆ ಏರ್ಪಾಡಿನ ಬಗ್ಗೆ ಬರೆಯಲೆಂದು. ಹೋದ ಮೇಲೆ ಸಿಸ್ಟರ್ ಕೈಯನ್ನೇ ನೋಡುತ್ತ ಕೂತೆ.

ಎಲ್ಲ ಪುಟವೂ ಹೇಳಿದ ಮಾತು ಕೇಳುವುದಿಲ್ಲ. 2006ರ ನವೆಂಬರ್ 30ರಂದು ರೆಮಿಂಗ್ ಚಂಡಮಾರುತ ಈ ಸೀಮೆಗೆ ಬಡಿದು, ಮಯೋನ್ ಬೆಟ್ಟದ ಬೂದಿ ಕಲ್ಲುಗಳೆಲ್ಲ ಕೆಸರಾಗಿ ಊರುಗಳ ಮೇಲೆ ಹರಿದಿತ್ತು. ಆಗ ತೊಯ್ದ ರಿಜಿಸ್ಟರುಗಳು ಇನ್ನೂ ಕಪಾಟಿನಲ್ಲಿವೆ. ಅಂಚಿನಲ್ಲಿ ಕಂದು ನೀರುಗೆರೆ, ಒಂದಕ್ಕೊಂದು ಅಂಟಿದ ಹಾಳೆಗಳು. ಇಂಥ ಕಡೆ ಸಿಸ್ಟರ್ ಬಿದಿರಿನ ತೆಳು ಪಟ್ಟಿಯೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಊರಿನ ಬುಟ್ಟಿ ಹೆಣೆಯುವವನೊಬ್ಬ ಹೆರೆದು ನುಣುಪು ಮಾಡಿಕೊಟ್ಟದ್ದು. ಬಟ್ಟೆಯ ಮೇಲೆ ಒಣಗಿದ ಸಂಡಿಗೆಯನ್ನು ಮುರಿಯದಂತೆ ಎಬ್ಬಿಸುವ ಹಾಗೆ, ಆ ಪಟ್ಟಿಯನ್ನು ಎರಡು ಹಾಳೆಗಳ ನಡುವೆ ಒಂದೊಂದೇ ಕೂದಲೆಳೆಯಷ್ಟು ನುಗ್ಗಿಸುತ್ತಾರೆ. ಬಿಡದಿದ್ದರೆ ಬಲವಂತ ಮಾಡುವುದಿಲ್ಲ. ಚೀಟಿ ಇಟ್ಟು ಮುಂದೆ ಹೋಗುತ್ತಾರೆ. ಮಳೆ ಹೊಳವಾಗಿ ಗಾಳಿ ಒಣಗಿದ ದಿನ ಮತ್ತೆ ಆ ಪುಟಕ್ಕೆ ಬರುತ್ತಾರೆ.

ಮಸಿಯದೂ ಒಂದು ತಂಟೆ. ಕಬ್ಬಿಣದ ಅಂಶವಿರುವ ಹಳೆಯ ಮಸಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ಬರೆದ ಅಕ್ಷರವಿದ್ದಲ್ಲಿ ಅಕ್ಷರದಾಕಾರದ ತೂತು ಉಳಿಯುತ್ತದೆ. ಅಂಥ ಪುಟದ ಹಿಂದೆ ಬಿಳಿ ಹಾಳೆಯೊಂದನ್ನು ಇಟ್ಟೇ ಚಿತ್ರ ತೆಗೆಯಬೇಕು, ಇಲ್ಲವಾದರೆ ಮುಂದಿನ ಪುಟದ ಹೆಸರು ಈ ಪುಟದ ತೂತಿನಲ್ಲಿ ಇಣುಕಿ, ಯಾರದೋ ಮಗು ಇನ್ಯಾರದೋ ಆಗಿಬಿಡುತ್ತದೆ. ಕೈಗವಸು ಏಕಿಲ್ಲ ಎಂದು ಕೇಳಿದೆ. ಗವಸು ಹಾಕಿದರೆ ಬೆರಳಿಗೆ ಕಾಗದದ ದಪ್ಪ ತಿಳಿಯುವುದಿಲ್ಲ, ಹರಿಯುವುದೇ ಜಾಸ್ತಿ. ತೊಳೆದು ಒರೆಸಿದ ಬರಿಗೈಯೇ ಲೇಸು ಎಂದರು.

ಬುಧವಾರ ಮಧ್ಯಾಹ್ನ ಮರಣದ ರಿಜಿಸ್ಟರೊಂದು ಮೇಜಿಗೆ ಬಂತು. ಅಮೆರಿಕದ ಆಳ್ವಿಕೆಯ ಕಾಲದ್ದು. ಹೆಸರು, ವಯಸ್ಸು, ಸಾವಿನ ಕಾರಣ ಎಂದು ಕಂಬಸಾಲುಗಳು. ಒಂದು ಪುಟದಲ್ಲಿ ವಯಸ್ಸಿನ ಸಾಲಿನಲ್ಲಿ ವರ್ಷಗಳೇ ಇರಲಿಲ್ಲ. ಎರಡು ತಿಂಗಳು, ಮೂರು ತಿಂಗಳು, ಹನ್ನೊಂದು ದಿನ. ಕಾರಣದ ಸಾಲಿನಲ್ಲಿ ಮೇಲಿಂದ ಕೆಳಗೆ ಬೆರಿಬೆರಿ, ಬೆರಿಬೆರಿ. ನಯ ಮಾಡಿದ ಬಿಳಿ ಅಕ್ಕಿಯನ್ನೇ ಉಂಡ ಬಾಣಂತಿಯರ ಎದೆಹಾಲಿನಲ್ಲಿ ಬಿ1 ಜೀವಸತ್ವವಿಲ್ಲದೆ, ಫಿಲಿಪ್ಪೀನ್ಸಿನಲ್ಲಿ ಹಸುಗೂಸುಗಳು ಸಾಲುಸಾಲಾಗಿ ಸತ್ತ ಕಾಲ ಅದು. ಸಿಸ್ಟರ್ ಪುಟ ಮಲಗಿಸಿದರು. ಹಿಂದೆ ಸರಿಯಲಿಲ್ಲ. ಎಲ್ಡರ್ ಕಾದರು. ಆಕೆ ಒಂದೊಂದೇ ಹೆಸರನ್ನು ತುಟಿಯಲ್ಲೇ ಓದಿ ಮುಗಿಸಿ, ಆಮೇಲೆ ಸರಿದರು. ‘ಎಷ್ಟೋ ಮಕ್ಕಳಿಗೆ ಈ ಒಂದು ಸಾಲು ಬಿಟ್ಟರೆ ಬೇರೆ ಗುರುತಿಲ್ಲ. ಈ ಸಾಲೂ ಗೆದ್ದಲ ಪಾಲಾದರೆ ಅವರು ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ’ ಎಂದು ನನಗೆ ಹೇಳಿದರು.

ಎಲ್ಡರ್ ಕೆಲಸ ಇಷ್ಟು ಮನ ಕಲಕುವಂಥದಲ್ಲ, ಆದರೆ ಶಿಸ್ತಿನದು. ಕಂಬಕ್ಕೆ ಬಿಗಿದು ಕೆಳಮುಖ ಮಾಡಿದ ಕ್ಯಾಮೆರಾ, ಎರಡು ಬದಿಯಿಂದ ಓರೆಯಾಗಿ ಬೀಳುವ ದೀಪ, ಕೆಳಗೆ ಕಪ್ಪು ಬಟ್ಟೆ. ಪ್ರತಿ ಪುಸ್ತಕ ಶುರುವಾಗುವ ಮುನ್ನ ಅದರ ಊರು, ವರ್ಷ, ಬಗೆ ಬರೆದ ಫಲಕದ ಚಿತ್ರ ತೆಗೆಯಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಮಸುಕಾಗಿದೆಯೇ, ಪುಟ ಬಿಟ್ಟುಹೋಗಿದೆಯೇ ಎಂದು ನೋಡಬೇಕು. ಆ ಊರಲ್ಲಿ ‘ಬ್ರೌನ್‌ಔಟ್’ ಎನ್ನುವ ಕರೆಂಟ್ ಕಡಿತ ದಿನಾ ಉಂಟು. ತೆಗೆದ ಚಿತ್ರಗಳ ಒಂದು ಪ್ರತಿ ಕಚೇರಿಗೇ ಸಿಗುತ್ತದೆ, ಇನ್ನೊಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಹೋಗುತ್ತದೆ.

ಇಲ್ಲಿನ ರಿಜಿಸ್ಟರುಗಳಲ್ಲಿ ನೋಡುವವರಿಗೆ ಒಂದು ಬೆರಗು ಕಾದಿದೆ. 1849ರ ನವೆಂಬರ್ 21ರಂದು ಸ್ಪೇನಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲವೇರಿಯಾ ಒಂದು ಆಜ್ಞೆ ಹೊರಡಿಸಿದ. ಊರ ತುಂಬ ‘ದೆ ಲಾ ಕ್ರೂಸ್’, ‘ದೆ ಲೊಸ್ ಸಾಂತೊಸ್’ಗಳೇ ತುಂಬಿ ತೆರಿಗೆಯ ಲೆಕ್ಕ ಹತ್ತುತ್ತಿರಲಿಲ್ಲ. ಅದಕ್ಕೆ ಸುಮಾರು 60 ಸಾವಿರ ಅಡ್ಡಹೆಸರುಗಳ ಅಕಾರಾದಿ ಪಟ್ಟಿ ಅಚ್ಚಾಯಿತು. ಪಟ್ಟಿಯ ಹಾಳೆಗಳು ಪ್ರಾಂತ್ಯಗಳಿಗೆ, ಅಲ್ಲಿಂದ ಊರುಗಳಿಗೆ ಹಂಚಿಕೆಯಾದವು. ಯಾವ ಊರಿಗೆ ಯಾವ ಹಾಳೆ ಬಂತೋ ಆ ಅಕ್ಷರವೇ ಊರಿಗೆಲ್ಲ. ಇದೇ ಅಲ್ಬಾಯ್ ಪ್ರಾಂತ್ಯದ ಓವಾಸ್ ಎಂಬ ಊರಿಗೆ ‘ಆರ್’ ಅಕ್ಷರ ಬಿತ್ತು. ಇವತ್ತಿಗೂ ಅಲ್ಲಿನ ಮನೆತನಗಳ ಹೆಸರು ‘ಆರ್’ನಿಂದಲೇ ಶುರುವಾಗುವುದು ಹೆಚ್ಚು. 1849ರ ಹಿಂದಿನ ಅಜ್ಜನನ್ನು ಹುಡುಕುವವರಿಗೆ ಅದೊಂದು ಗೋಡೆ. ಹಿಂದಿನ ಹೆಸರು ಬೇರೆ, ಮುಂದಿನದು ಬೇರೆ.

ಇಷ್ಟೆಲ್ಲ ದಾಖಲೆ ಕೂಡಿಡುವ ಹಟ ಆ ಸಭೆಗೆ ಏಕೆ? ಬೆಳಗಿನ ‘ಮೆರಿಯೆಂಡಾ’ ಎಂಬ ಲಘು ತಿಂಡಿಯ ಹೊತ್ತಿನಲ್ಲಿ ಎಲ್ಡರ್ ಅದನ್ನು ವಿವರಿಸಿದರು. ಕಚೇರಿಯವರು ಕಾಫಿ ಕುಡಿಯುತ್ತಿದ್ದರು. ಈ ಸಭೆಯವರು ಕಾಫಿ, ಟೀ ಮುಟ್ಟುವುದಿಲ್ಲವಾದ್ದರಿಂದ ಇವರಿಬ್ಬರಿಗೆ ಕಲಮಾನ್ಸಿ ನಿಂಬೆಯ ಪಾನಕ. ಕುಟುಂಬದ ನಂಟು ಸಾವಿನಾಚೆಗೂ ಉಳಿಯುತ್ತದೆ, ತೀರಿಕೊಂಡ ಹಿರಿಯರ ಪರವಾಗಿ ದೇವಾಲಯದಲ್ಲಿ ವಿಧಿ ನಡೆಸಬಹುದು ಎಂಬುದು ಅವರ ನಂಬಿಕೆ. ವಿಧಿ ನಡೆಸಬೇಕೆಂದರೆ ಹಿರಿಯರ ಹೆಸರು ಗೊತ್ತಿರಬೇಕು. 1894ರಲ್ಲಿ ಯೂಟಾ ವಂಶಾವಳಿ ಸಂಘ ಹುಟ್ಟಿತು. 1938ರಿಂದ ಮೈಕ್ರೊಫಿಲ್ಮ್ ತೆಗೆಯತೊಡಗಿದರು. 1960ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯ ಬಳಿಯ ಗ್ರಾನೈಟ್ ಬೆಟ್ಟವೊಂದನ್ನು ಕೊರೆದು, ತಲೆ ಮೇಲೆ ಸುಮಾರು 700 ಅಡಿ ಬಂಡೆಯಿರುವ ಕೋಣೆಗಳಲ್ಲಿ ಸುರುಳಿಗಳನ್ನು ಇಟ್ಟರು. ಅಂಥ 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಈಗ ‘ಫ್ಯಾಮಿಲಿಸರ್ಚ್’ ಎಂಬ ಹೆಸರಿನಲ್ಲಿ ಯಾವ ಮತದವರಿಗೂ ಬಿಟ್ಟಿಯಾಗಿ ಹುಡುಕಲು ತೆರೆದಿದ್ದಾರೆ.

ವಾರದ ಉಳಿದ ದಿನಗಳೂ ಬಿಡುವಿನವಲ್ಲ. ಸೋಮವಾರ ಬೆಳಿಗ್ಗೆ ಐಡಹೋದಲ್ಲಿ ಇನ್ನೂ ಭಾನುವಾರದ ಸಂಜೆ. ಮೊಮ್ಮಕ್ಕಳ ಜೊತೆ ವಿಡಿಯೊ ಮಾತು, ಆಮೇಲೆ ಸಂತೆ, ಬಟ್ಟೆ ಒಗೆಯುವುದು. ಮಂಗಳವಾರದಿಂದ ಶುಕ್ರವಾರ ಎಂಟಕ್ಕೆ ಕಚೇರಿ ಬಾಗಿಲಲ್ಲಿ. ಒಂದು ಸಂಜೆ ಎಳೆಯ ಮಿಷನರಿಗಳಿಗೆ ಊಟ. ಮನೆ ಬಿಟ್ಟು ಬಂದ ಹತ್ತೊಂಬತ್ತರ ಹುಡುಗರು ಸಿಸ್ಟರ್ ಮಾಡಿದ ಆಲೂಗಡ್ಡೆ ಸಾರಿಗೆ ಸಾಲುಗಟ್ಟುತ್ತಾರೆ. ಶನಿವಾರ ಚಿತ್ರಗಳ ತಪಾಸಣೆ, ಲೆಕ್ಕ, ಮುಂದಿನ ಊರಿನ ಅಧಿಕಾರಿಗೆ ಪತ್ರ. ಭಾನುವಾರ ಆರಾಧನೆ, ಸಿಸ್ಟರ್ ಪಿಯಾನೊ ನುಡಿಸುತ್ತಾರೆ.

ತೊಡಕುಗಳು ಬೇಕಾದಷ್ಟಿವೆ. ಸತ್ತವರ ಪರವಾಗಿ ದೀಕ್ಷೆಯ ವಿಧಿ ನಡೆಸುವುದು ಎಲ್ಲರಿಗೂ ಒಪ್ಪಿತವಲ್ಲ. ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳ ಹೆಸರುಗಳು ಆ ವಿಧಿಗೆ ಬಳಕೆಯಾದದ್ದು ತಿಳಿದು ನೋವುಂಟಾಗಿ, 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು. 2008ರಲ್ಲಿ ವ್ಯಾಟಿಕನ್, ಕ್ಯಾಥೊಲಿಕ್ ಇಗರ್ಜಿಗಳ ರಿಜಿಸ್ಟರುಗಳನ್ನು ಈ ಸಂಘಕ್ಕೆ ಕೊಡಬೇಡಿ ಎಂದು ಬಿಷಪ್ಪರಿಗೆ ತಿಳಿಸಿತು. ಆ ಆಕ್ಷೇಪಗಳಲ್ಲಿ ನ್ಯಾಯವಿದೆ. ನನ್ನ ಅಜ್ಜಿಯ ಹೆಸರು ಯಾವ ವಿಧಿಗೆ ಸಲ್ಲಬೇಕೆಂದು ಹೇಳುವ ಹಕ್ಕು ನನ್ನ ಮನೆಯವರಿಗೇ ಸೇರಿದ್ದು. ಆ ಮಾತನ್ನು ಸಿಸ್ಟರ್ ಮುಂದೆ ಇಟ್ಟೆ. ಅವರು ವಾದಿಸಲಿಲ್ಲ, ‘ನಿಮ್ಮ ಅಜ್ಜಿಯ ಹೆಸರು ಎಲ್ಲಿ ಬರೆದಿದೆ?’ ಎಂದು ಕೇಳಿದರು.

ಎಲ್ಲಿ ಬರೆದಿದೆ? ನಮ್ಮಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದರ ಹಿಂದಿನವು ಎಲ್ಲೋ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟಿನೊಳಗೆ ಇದ್ದರೆ ಉಂಟು. ಕಾಗದಕ್ಕಿಂತ ಮೊದಲು ನಮಗೆ ಹೆಳವರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಮನೆ ಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಮನೆತನದ ವಂಶಾವಳಿಯನ್ನು ಒಂದೇ ಉಸಿರಿಗೆ ಒಪ್ಪಿಸಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು ಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಈಗಲೂ ಕೆಲವರು ಬರುತ್ತಾರೆ. ಅವರ ಮಕ್ಕಳು ಆ ಪಾಠ ಬಿಟ್ಟು ಬೇರೆ ಕಸುಬು ಹಿಡಿದಿದ್ದಾರೆ, ಹಿಡಿಯಲೇಬೇಕು. ಗಂಗೆಯ ದಡದ ಹರಿದ್ವಾರದಲ್ಲಿ ಪಂಡಾಗಳು ಬರೆದಿಟ್ಟ ಯಾತ್ರಿಕರ ವಂಶಾವಳಿ ವಹಿಗಳನ್ನು ಇದೇ ಯೂಟಾ ಸಂಘ ಚಿತ್ರ ತೆಗೆದು ಕಾಪಿಟ್ಟಿದೆ. ಹೆಳವರ ಬಾಯಲ್ಲಿರುವುದನ್ನೂ ಅಂಥ ಶ್ರದ್ಧೆಯಿಂದ, ಅವರಿಗೆ ಸಲ್ಲಬೇಕಾದ ಮರ್ಯಾದೆ, ಹಣ ಎರಡನ್ನೂ ಕೊಟ್ಟು, ಮನೆಮನೆಯ ಒಪ್ಪಿಗೆ ಪಡೆದು ದಾಖಲಿಸುವುದು ನಾವೇ ಮಾಡಬೇಕಾದ ಕೆಲಸ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಂದು ಕ್ಯಾಮೆರಾ, ಎರಡು ದೀಪ, ಒಂದು ಮೇಜು, ಅವಸರವಿಲ್ಲದ ಇಬ್ಬರು. ಅವಸರವಿಲ್ಲದವರು ನಮ್ಮಲ್ಲಿ ಇದ್ದಾರೆ. ಮೇಷ್ಟ್ರು, ಶಾನುಭೋಗರ ಮನೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಬೆಳಗಿನ ವಾಕಿಂಗ್ ಮುಗಿಸಿದ ಮೇಲೆ ದಿನ ಕಳೆಯುವುದು ಹೇಗೆಂದು ನೋಡುವ ದಂಪತಿ. ಹಳೆಯ ಕಡತಗಳ ಮೋಡಿ ಲಿಪಿ ಓದಬಲ್ಲ, ಹಳೆಯ ಕಂದಾಯದ ಮಾತು ತಿಳಿದ ಕೊನೆಯ ತಲೆಮಾರು ಅದು. ಕರೆಯುವವರಿಲ್ಲ ಅಷ್ಟೇ.

ಐಡಹೋದ ದಂಪತಿಯ ಅವಧಿ ಮುಗಿಯುತ್ತ ಬಂದಿದೆ. ಹಿರಿಯ ದಂಪತಿ ಸಾಲದು, ಇನ್ನಷ್ಟು ಜನ ಹೊರಡಿ ಎಂದು ಅವರ ಸಭೆಯ ಮುಖ್ಯಸ್ಥರು ಮತ್ತೆ ಮತ್ತೆ ಕೇಳುತ್ತಲೇ ಇದ್ದಾರೆ. ಆ ಕಚೇರಿಯ ಕಪಾಟುಗಳಲ್ಲಿ ಇನ್ನೂ ಅರ್ಧದಷ್ಟು ಪುಸ್ತಕ ಉಳಿದಿದೆ. ಇವರ ಜಾಗಕ್ಕೆ ಯಾರು ಬರುತ್ತಾರೆಂಬುದು ನಾನು ಹೊರಡುವವರೆಗೂ ಗೊತ್ತಾಗಿರಲಿಲ್ಲ. ಯಾರೇ ಬಂದರೂ ಅವರಿಗೆ ಕೆಲಸ ಕಲಿಸಲೆಂದು, ಕಚೇರಿಯ ಕಿರಿಯ ಗುಮಾಸ್ತೆಯೊಬ್ಬಳಿಗೆ ಸಿಸ್ಟರ್ ದಿನಾ ಅರ್ಧ ಗಂಟೆ ಪುಟ ತಿರುವುವುದನ್ನು ಹೇಳಿಕೊಡುತ್ತಿದ್ದಾರೆ. ನಮ್ಮ ಊರಿನ ಹೆಳವಜ್ಜನ ಬಳಿ ಹೀಗೆ ಅರ್ಧ ಗಂಟೆ ಕೂತು ಕಲಿಯುವವರು ಇನ್ನೂ ಸಿಕ್ಕಿಲ್ಲ.