ಕೂಸಿನ ಮಿದುಳಿನ ಖರ್ಚು-ವೆಚ್ಚ: ಸೂಜಿ ಬೇಡ, ಬೆಳಕೇ ಲೆಕ್ಕ ಹೇಳುತ್ತದೆ!

ಹುಟ್ಟಿದ ಕೂಸು ಅಳಬೇಕು. ಕೂಸು ಅತ್ತರೆ ಮನೆಮಂದಿ ನಗುತ್ತಾರೆ. ಅದು ಅಳದಿದ್ದರೆ ಮನೆಮಂದಿ ಅಳುವ ಪಾಳಿ ಬರುತ್ತದೆ. ಇದು ಬಬಲೇಶ್ವರದ ಮುದುಕಿಯರಿಗೂ ಗೊತ್ತು, ವಿಜಯಪುರದ ದೊಡ್ಡ ಡಾಕ್ಟರರಿಗೂ ಗೊತ್ತು. ಆದರೆ ತಡವಾಗಿ ಅತ್ತ ಕೂಸಿನ ತಲೆಯೊಳಗೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದು ಹೊರಗಿನಿಂದ ಕಾಣುವದಿಲ್ಲ. ದೊಡ್ಡವರಾದರೆ ತಲೆ ಸಿಡಿಯುತ್ತದೆ ಅಂತ ಹೇಳಿಯಾರು. ಎರಡೂವರೆ ಕಿಲೋ ಕೂಸು ಯಾರಿಗೆ ಹೇಳಬೇಕು?

ಉಸಿರು ಕಟ್ಟಿದಾಗ ವೈದ್ಯರಿಗೆ ಹೆಚ್ಚಿನ ಹೆದರಿಕೆ ಮಿದುಳಿನದೇ. ದೊಡ್ಡವರ ಮಿದುಳು ಮೈತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಮೈ ಬಳಸುವ ಆಕ್ಸಿಜನ್‌ನಲ್ಲಿ ಐದರಲ್ಲೊಂದು ಪಾಲು ಅದಕ್ಕೇ ಬೇಕು. ಕೂಸಿನ ಮೈಗೆ ತಲೆಯೇ ದೊಡ್ಡದು, ಹಾಗಾಗಿ ಅದರ ಮಿದುಳಿನ ಹಸಿವೂ ದೊಡ್ಡದು. ಈ ಹಸಿವನ್ನು ಅಳೆಯುವದು ಹೇಗೆ?

ಬೆರಳಿನ ಚಿಮಟಿ ಸಾಲದೇ?

2020-21ರ ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಿರಾಣಿ ಅಂಗಡಿಯ ಗಲ್ಲಾದ ಮೇಲೂ ಬಂದು ಕೂತಿತ್ತು. 1970ರ ದಶಕದಲ್ಲಿ ಅದರ ತತ್ವ ಕಂಡುಹಿಡಿದವರು ಜಪಾನಿನ ಇಂಜಿನಿಯರ್ ತಕುವೊ ಅವೊಯಾಗಿ. ಕೂಸಿಗಾದರೆ ಅದನ್ನು ಕೈಗೋ ಕಾಲಿಗೋ ಸುತ್ತುತ್ತಾರೆ. 95 ಎಂದು ತೋರಿಸಿದರೆ ಮನೆಯವರಿಗೆ ಜೀವ ಬಂದಂತಾಗುತ್ತದೆ. ಆದರೆ ಅದು ಹೇಳುವದು ಅರ್ಧ ಮಾತು ಮಾತ್ರ.

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ತಿಳಿದೀತು. ರಕ್ತವೆಂದರೆ ಬಸ್ಸು, ಆಕ್ಸಿಜನ್ ಎಂದರೆ ಪ್ರಯಾಣಿಕರು, ಮಿದುಳು ಎಂದರೆ ನಡುವೆ ಬರುವ ಬಬಲೇಶ್ವರ ಎನ್ನೋಣ. ವಿಜಯಪುರದ ನಿಲ್ದಾಣದಿಂದ ಬಸ್ಸು ಎಷ್ಟು ತುಂಬಿ ಹೊರಟಿತು? ಬೆರಳಿನ ಚಿಮಟಿ ಹೇಳುವದು ಇಷ್ಟೇ. ಬಬಲೇಶ್ವರದಲ್ಲಿ ಎಷ್ಟು ಮಂದಿ ಇಳಿದರು ಎಂಬುದು ಗೊತ್ತಾಗಬೇಕಾದರೆ ಊರು ದಾಟಿ ಮುಂದೆ ಹೋಗುವ ಬಸ್ಸಿನಲ್ಲಿ ಉಳಿದವರನ್ನೂ ಎಣಿಸಬೇಕು. ತಾಸಿಗೆ ಎಷ್ಟು ಬಸ್ಸು ಬರುತ್ತವೆ ಎಂಬುದೂ ಬೇಕು. ಒಂದು ಬಸ್ಸಿನಿಂದ ಇಳಿದವರನ್ನು ಬಸ್ಸುಗಳ ಸಂಖ್ಯೆಯಿಂದ ಗುಣಿಸಿದರೆ ಊರಿಗೆ ಬಂದವರ ನಿಜವಾದ ಲೆಕ್ಕ ಸಿಗುತ್ತದೆ. ಮಿದುಳಿನ ಆಕ್ಸಿಜನ್ ಖರ್ಚಿನ ಲೆಕ್ಕವೂ ಹೀಗೆಯೇ.

ಬೆಳಕಿನ ಕರಾಮತ್ತು

ಕತ್ತಲಲ್ಲಿ ಬ್ಯಾಟರಿಯ ಮೇಲೆ ಅಂಗೈ ಮುಚ್ಚಿ ನೋಡಿರಿ, ಬೆರಳು ಕೆಂಪಗೆ ಹೊಳೆಯುತ್ತವೆ. ಕೆಂಪು ಬೆಳಕು ಮಾಂಸವನ್ನು ತೂರಿ ಬರುತ್ತದೆ. ಅದಕ್ಕೂ ಆಚೆಯ, ಕಣ್ಣಿಗೆ ಕಾಣದ ಬೆಳಕು ಇನ್ನೂ ಆಳಕ್ಕೆ ಹೋಗುತ್ತದೆ, ಎಲುಬನ್ನೂ ದಾಟುತ್ತದೆ. ಆಕ್ಸಿಜನ್ ಹೊತ್ತ ರಕ್ತ ಈ ಬೆಳಕನ್ನು ನುಂಗುವ ರೀತಿಯೇ ಬೇರೆ, ಆಕ್ಸಿಜನ್ ಇಳಿಸಿದ ರಕ್ತ ನುಂಗುವ ರೀತಿಯೇ ಬೇರೆ. ತಿರುಗಿ ಬಂದ ಬೆಳಕನ್ನು ಅಳೆದರೆ ಒಳಗಿನ ಸುದ್ದಿ ತಿಳಿಯುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯಾಬ್ಸಿಸ್ 1977ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. 1986ರಲ್ಲಿ ಲಂಡನ್ನಿನ ಯುನಿವರ್ಸಿಟಿ ಕಾಲೇಜಿನವರು ಕಾಯಿಲೆಯ ನವಜಾತ ಶಿಶುಗಳ ತಲೆಯ ಮೇಲೆ ಇದನ್ನು ಪ್ರಯೋಗಿಸಿ ಲೆಕ್ಕ ಕೊಟ್ಟರು. ಅದೇ ವರ್ಷ ನಮ್ಮ ಊರಲ್ಲಿ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜು ಶುರುವಾಯಿತು! ಕೂಸಿನ ತಲೆಬುರುಡೆ ತೆಳುವು, ಆದ್ದರಿಂದ ಬೆಳಕಿಗೆ ದಾರಿ ಸಲೀಸು. ಸೂಜಿಯಿಲ್ಲ, ಕತ್ತರಿಯಿಲ್ಲ. ಹಣೆಗೆ ಒಂದು ಪಟ್ಟಿ ಹಚ್ಚಿದರಾಯಿತು, ಕೂಸು ಮಲಗಿದಲ್ಲೇ ಇದ್ದೀತು.

ರಕ್ತದ ಓಟದ ಲೆಕ್ಕ ಆಮೇಲೆ ಬಂತು. ಲೇಸರ್ ಬೆಳಕು ಬಿಟ್ಟರೆ, ಓಡುವ ರಕ್ತಕಣಗಳಿಗೆ ತಾಗಿ ಬರುವ ಬೆಳಕು ಮಿಣಮಿಣ ಅನ್ನುತ್ತದೆ. ಮಿಣುಕು ಜೋರಾದರೆ ರಕ್ತವೂ ಜೋರಾಗಿ ಓಡುತ್ತಿದೆ ಎಂದು ಅರ್ಥ. ಎರಡೂ ಲೆಕ್ಕ ಕೂಡಿಸಿದರೆ ಮಿದುಳಿನ ಖರ್ಚು ತಿಳಿಯಿತು.

ತುಂಬಿದ ಬಸ್ಸು ನೋಡಿ ಮೋಸ ಹೋಗಬಾರದು

ಇಷ್ಟೆಲ್ಲ ಉಸಾಬರಿ ಯಾಕ್ರಿ, ಆಕ್ಸಿಜನ್ ಸಾಕಷ್ಟಿದ್ದರೆ ಆಯಿತಲ್ಲ ಎಂದು ಕೇಳಬಹುದು. ಅಲ್ಲೇ ಇರುವದು ಗುಟ್ಟು. ಬಲವಾದ ಪೆಟ್ಟು ತಿಂದ ಮಿದುಳು ಒಂದೆರಡು ದಿನಗಳ ನಂತರ ಆಕ್ಸಿಜನ್ ತೆಗೆದುಕೊಳ್ಳುವದನ್ನೇ ಕಡಿಮೆ ಮಾಡಬಹುದು. ಆಗ ಯಂತ್ರದಲ್ಲಿ ಅಂಕಿ ಏರುತ್ತದೆ. ಬಸ್ಸು ತುಂಬಿಯೇ ಮುಂದೆ ಹೋಗುತ್ತಿದೆ, ಆದರೆ ಇಳಿಯುವವರೇ ಇಲ್ಲ! ಹೆಚ್ಚಿನ ಅಂಕಿ ಕೆಟ್ಟ ಸುದ್ದಿಯೂ ಆದೀತು. ಬಾಸ್ಟನ್ನಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆಟ್ಟಾದ ಕೂಸುಗಳನ್ನು ಆಕ್ಸಿಜನ್ ಮಟ್ಟ ಬೇರ್ಪಡಿಸಿ ತೋರಿಸಲಿಲ್ಲ, ಖರ್ಚಿನ ಲೆಕ್ಕ ತೋರಿಸಿತು. ಅಲ್ಲಿ ಪೆಟ್ಟಾದ ಮಿದುಳು ಹೆಚ್ಚು ಖರ್ಚು ಮಾಡುತ್ತಿತ್ತು. ಅಂದರೆ ಏರಿಕೆ, ಇಳಿಕೆ ಎರಡನ್ನೂ ದಿನದಿನಕ್ಕೆ ನೋಡುತ್ತ ಇರಬೇಕು.

ಬರೀ ಮಟ್ಟ ನೋಡಿದರೆ ಸಾಲದು ಎಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. 17 ದೇಶಗಳಲ್ಲಿ ತೀರ ದಿನ ತುಂಬದ 1601 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲ 2023ರಲ್ಲಿ ಹೊರಬಂತು. ಮಿದುಳಿನ ಆಕ್ಸಿಜನ್ ಮಟ್ಟ ನೋಡಿ ಉಪಚಾರ ಮಾಡಿದ್ದರಿಂದ ಸಾವಾಗಲಿ, ಮಿದುಳಿನ ಪೆಟ್ಟಾಗಲಿ ಕಡಿಮೆ ಆಗಲಿಲ್ಲ.

ಬೆಂಗಳೂರು ಕಲಿಸಿದ ಪಾಠ

ಉಸಿರು ಕಟ್ಟಿ ಹುಟ್ಟಿದ ಕೂಸನ್ನು 6 ತಾಸಿನೊಳಗೆ ಹಿಡಿದು, 72 ತಾಸು ಮೈ ತಣ್ಣಗೆ, ಸುಮಾರು 33.5 ಡಿಗ್ರಿಯಲ್ಲಿ ಇಡುವ ಉಪಚಾರ ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿದೆ. ಅದನ್ನೇ 2015ರಿಂದ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 7 ಆಸ್ಪತ್ರೆಗಳಲ್ಲಿ 408 ಕೂಸುಗಳ ಮೇಲೆ ಪರೀಕ್ಷಿಸಿದರು. ಅದರಲ್ಲಿ ಬೆಂಗಳೂರೂ ಇತ್ತು. 2021ರಲ್ಲಿ ಬಂದ ಫಲ ಎಲ್ಲರನ್ನೂ ಬೆಚ್ಚಿಬೀಳಿಸಿತು. ತಣ್ಣಗಿಟ್ಟ ಕೂಸುಗಳಲ್ಲಿ ನೂರಕ್ಕೆ 42 ಸತ್ತವು, ಇಡದವುಗಳಲ್ಲಿ 31. ಅಲ್ಲಿಯ ಔಷಧ ಇಲ್ಲಿಗೆ ಹಾಗೇ ಒಗ್ಗುವದಿಲ್ಲ. ಯಾವ ಕೂಸಿನ ಮಿದುಳು ಯಾವ ಸ್ಥಿತಿಯಲ್ಲಿದೆ ಎಂದು ತೊಟ್ಟಿಲ ಪಕ್ಕದಲ್ಲೇ ಅಳೆಯುವ ಸಾಧನ ನಮಗೆ ಬೇಕಾಗಿರುವದು ಇದಕ್ಕೇ. ಅದನ್ನು ನಮ್ಮ ಮಕ್ಕಳ ಮೇಲೆ, ನಮ್ಮ ಮೈಬಣ್ಣದ ಮೇಲೆ ಪರೀಕ್ಷಿಸಿ ಒಪ್ಪಿಕೊಳ್ಳಬೇಕು. ಬೆಳಕಿನ ಯಂತ್ರಗಳು ಕಪ್ಪು ಚರ್ಮದ ಮೇಲೆ ತಪ್ಪು ಓದುವದುಂಟು.

ಪೂರ್ತಿ ಖರ್ಚಿನ ಲೆಕ್ಕ ಹೇಳುವ ಯಂತ್ರ ಇನ್ನೂ ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಇದೆ. ಬಬಲೇಶ್ವರ, ತಿಕೋಟಾ ತಾಲೂಕುಗಳಾದವು ಎಂದ ಮಾತ್ರಕ್ಕೆ ನಾಳೆಯೇ ಅದು ಇಲ್ಲಿಗೆ ಬರುವದಿಲ್ಲ. ಬರುವ ತನಕ ನಮ್ಮ ಕೈಯಲ್ಲಿ ಇರುವದು ಹೊತ್ತು ಒಂದೇ. ಹೆರಿಗೆ ದವಾಖಾನೆಯಲ್ಲೇ ಆಗಲಿ. ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಗಾಳಿ ಒತ್ತಿ ಕೊಡಬಲ್ಲ ದಾದಿ, ಚೀಲ, ಮುಖವಾಡ ಹೆರಿಗೆ ಕೋಣೆಯಲ್ಲಿ ಇವೆಯೇ ಎಂದು ಬಸುರಿಯ ಮನೆಯವರು ಮೊದಲೇ ಕೇಳಿಕೊಳ್ಳಲಿ. ಕೇಳುವದರಲ್ಲಿ ನಾಚಿಕೆ ಏನಿಲ್ಲ. ನೋವು ಶುರುವಾದರೆ ಬೆಳಗಾಗಲಿ, ಬಸ್ಸು ಬರಲಿ ಎಂದು ಕಾಯಬೇಡಿರಿ, 108ಕ್ಕೆ ಫೋನ್ ಹಚ್ಚಿರಿ. ಮಿದುಳು ಉದ್ರಿ ಖಾತೆ ಇಡುವದಿಲ್ಲ, ಅದರದೆಲ್ಲ ರೋಖ ವ್ಯವಹಾರ.