ದೊಡ್ಡ ಸ್ವಾಮಿಯವರ ಹುಟ್ಟೂರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಭಾಗದ ವಿಶ್ವಾಸಿಗಳಿಗೆ ಫ್ರಾನ್ಸ್ ಎಂದೊಡನೆ ನೆನಪಾಗುವುದು ಲೂರ್ದುಮಾತೆಯ ಗವಿ. ಅದೇ ದಕ್ಷಿಣ ಫ್ರಾನ್ಸಿನಲ್ಲಿ, ಆರ್ದೆಶ್ ನದಿಯ ಕಮರಿಗಳ ಮೇಲ್ಗಡೆ, ದ್ರಾಕ್ಷಿ ಹಾಗೂ ಲ್ಯಾವೆಂಡರ್ ತೋಟಗಳ ನಡುವೆ ಸೇಂ-ರೆಮೇಜ್ ಎಂಬ ಪುಟ್ಟ ಗ್ರಾಮವಿದೆ. ಮೈಸೂರು ಸೀಮೆಯವರು 'ದೊಡ್ಡ ಸ್ವಾಮಿಯವರು' ಎಂದು ಗೌರವಿಸಿದ ಅಬ್ಬೆ ದ್ಯುಬುವಾ ಅವರ ಜನ್ಮಸ್ಥಳ ಅದು.

1792ರಲ್ಲಿ ಗುರುದೀಕ್ಷೆ ಪಡೆದು ಹೊರಟ ಅವರು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಅಲ್ಲಿನ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದರು; ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ವಿಶ್ವಾಸಿಗಳಿಗೆ ಬೇಸಾಯದ ನೆಲೆ ಕಲ್ಪಿಸಿದರು. ಆದರೂ 1823ರಲ್ಲಿ ಸ್ವದೇಶಕ್ಕೆ ಮರಳುವಾಗ ಅವರ ಮನಸ್ಸು ಭಾರವಾಗಿತ್ತು. ಇಲ್ಲಿನ ಜನರನ್ನು ಕ್ರಿಸ್ತನೆಡೆಗೆ ತರುವುದು ಅಸಾಧ್ಯವೆಂದು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದರು. 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಸಾತಳ್ಳಿಯಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತಿದೆ. ಬಿತ್ತಿದವನೇ ಫಸಲನ್ನು ಕಾಣಬೇಕೆಂಬ ನಿಯಮ ದೇವರ ಹೊಲದಲ್ಲಿಲ್ಲ. ಮಕ್ಕಳಿಗೆ ವಿಶ್ವಾಸವನ್ನು ಕಲಿಸಿ, ಫಲ ಕಾಣದೆ ನೊಂದ ತಂದೆತಾಯಿಯರಿಗೂ ಇದು ಸಾಂತ್ವನದ ಮಾತು. ಲೂರ್ದಿಗೆ ತೆರಳುವ ನಮ್ಮವರು ಒಂದೆರಡು ದಿನ ಹೆಚ್ಚಿಗೆ ಇರಿಸಿಕೊಂಡು ಈ ಗ್ರಾಮವನ್ನೂ ಸಂದರ್ಶಿಸಲಿ. ಹೋಗಲಾಗದವರು ಇಂದಿನ ಜಪಸರದಲ್ಲಿ ಆ ಗುರುವನ್ನು ನೆನೆಯೋಣ.